ಶನಿವಾರದ ಅನ್ನ

ಮನುಷ್ಯನ ನೆನಪನ್ನು ತೂಗುವ ಯಂತ್ರವೊಂದು ಬಂದರೆ ಹೇಗಿರುತ್ತದೆ ಎಂದು ಒಂದು ಕಾಲದಲ್ಲಿ ಜನ ಕೇಳುತ್ತಿದ್ದರಂತೆ. ಹೇಗಿರುತ್ತದೆ ಎಂದು ನಾನು ಹೇಳುತ್ತೇನೆ. ಬಿಳಿ ಬಣ್ಣ, ಹೆಲ್ಮೆಟ್ಟಿನಷ್ಟು ದಪ್ಪ, ಒಳಗೆ ತಣ್ಣನೆಯ ಅಂಟಂಟು ಪಟ್ಟಿಗಳು, ಹಿಂದೆ ಉದ್ದದ ಕೇಬಲ್ಲು. ಸರ್ಕಾರಿ ಹೆಸರು ಸ್ಮೃತಿಮಾಪಕ. ಮೈಸೂರಿನ ಜನ ಅದನ್ನು ಟೋಪಿ ಎನ್ನುತ್ತಾರೆ. ಪರೀಕ್ಷೆಗೆ ಬಂದವರು 'ಟೋಪಿ ಹಾಕಿಸ್ಕೊಳ್ಳೋಕೆ ಬಂದ್ವಿ ಮೇಡಂ' ಎಂದು ತಾವೇ ನಗುತ್ತಾರೆ. ಮೊದಲು ನಾನೂ ನಗುತ್ತಿದ್ದೆ. ನನ್ನ ಹೆಸರು ವಾರಿಜಾ, ಆ ಕೇಂದ್ರದಲ್ಲಿ ಟೋಪಿ ಹಾಕುವುದೇ ನನ್ನ ನೌಕರಿ.

ಅದು ಮಾಡುವುದು ಇಷ್ಟು. ಕಿವಿಯ ನೇರಕ್ಕೆ, ಮಿದುಳಿನ ಒಳಗಡೆ, ಹಿಪೊಕ್ಯಾಂಪಸ್ ಎಂಬ ಬಾಗಿದ ಭಾಗವೊಂದಿದೆ. ಇವತ್ತು ನಡೆದದ್ದನ್ನು ನಾಳೆಗೆ ಉಳಿಸಿಕೊಡುವುದು ಅದರ ಕೆಲಸ. ನಡೆದದ್ದನ್ನು ನೆನೆಸಿಕೊಳ್ಳಿ ಎಂದಾಗ ಅಲ್ಲಿಯ ನರಕೋಶಗಳು ಒಂದು ಕ್ರಮದಲ್ಲಿ ಮಿಡಿಯುತ್ತವೆ. ಟೋಪಿ ಆ ಮಿಡಿತವನ್ನು ಓದಿ, ನೋಟ, ವಾಸನೆ, ರುಚಿ, ಮಾತು ಎಂದು ಬಿಡಿಸಿ ಪರದೆಯ ಮೇಲೆ ಬರೆಯುತ್ತದೆ. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ನೆನಪು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಬಂದರೆ ಅಂಕ ಹೆಚ್ಚು. ನೆನೆಸಿಕೊಳ್ಳುವಾಗ ಎದೆಬಡಿತ ನಿಧಾನವಾಗಿದ್ದರೆ ಇನ್ನೂ ಹೆಚ್ಚು. ಎಪ್ಪತ್ತು ದಾಟಿದ ನೆನಪನ್ನು ನ್ಯಾಯಾಲಯ ನಂಬುತ್ತದೆ.

ಈ ಲೆಕ್ಕ ಕಟ್ಟಿದವರು ನಮ್ಮ ನಿರ್ದೇಶಕರಾದ ಡಾಕ್ಟರ್ ಹೆಬ್ಬಾರ್. ಕಾಲೇಜು ಹುಡುಗರನ್ನು ಎ.ಸಿ. ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಸಿನಿಮಾ ತುಣುಕು ತೋರಿಸಿ, ಮರುದಿನ ಕರೆದು ನೆನೆಸಿಕೊಳ್ಳಿ ಎಂದು ಹೇಳಿ ಕಟ್ಟಿದ ಲೆಕ್ಕ. ಆ ಹುಡುಗರಲ್ಲಿ ಯಾರೂ ಕುಡಿದು ಬಂದಿರಲಿಲ್ಲ. ಅವರಿಗೆ ಯಾರೂ ಹೊಡೆದೂ ಇರಲಿಲ್ಲ.

ನನ್ನ ಅಣ್ಣ ಚೆಲುವರಾಜು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹಗಲು ಹೊತ್ತು ಇಡೀ ತರಗತಿಯ ಹೆಸರು ಬಾಯಲ್ಲಿ ಹೇಳುವಷ್ಟು ಜ್ಞಾಪಕಶಕ್ತಿ. ಸಂಜೆಯಾದರೆ ಬಾರು. ಕುಂಬಾರಕೊಪ್ಪಲಿನ ಮನೆಗೆ ಬರುವ ಹೊತ್ತಿಗೆ ಅವನು ನೆಟ್ಟಗೆ ನಡೆಯುತ್ತಿದ್ದ, ಸ್ಕೂಟರು ಸರಿಯಾಗಿ ನಿಲ್ಲಿಸುತ್ತಿದ್ದ, ಬೀಗ ಹಾಕುತ್ತಿದ್ದ. ಆಮೇಲೆ ನಡೆದದ್ದು ಮಾತ್ರ ಬೆಳಿಗ್ಗೆಗೆ ಅವನ ತಲೆಯಲ್ಲಿ ಇರುತ್ತಿರಲಿಲ್ಲ.

ಇದು ನಾಟಕವಲ್ಲ. ನಾಟಕವಾಗಿದ್ದರೆ ಬೈಯುವುದಾದರೂ ಸುಲಭವಾಗುತ್ತಿತ್ತು. ಹೆಂಡ ಬೇಗಬೇಗ ರಕ್ತಕ್ಕೆ ಏರಿದರೆ ಹಿಪೊಕ್ಯಾಂಪಸ್ ಬರೆದುಕೊಳ್ಳುವುದನ್ನು ನಿಲ್ಲಿಸಿಬಿಡುತ್ತದೆ. ಕೈಕಾಲು ಆಡುತ್ತದೆ, ಬಾಯಿ ಮಾತಾಡುತ್ತದೆ, ಸಿಟ್ಟು ಬರುತ್ತದೆ, ಕೈ ಮೇಲೇಳುತ್ತದೆ. ಯಾವುದೂ ದಾಖಲಾಗುವುದಿಲ್ಲ. ಅವನಿಗೆ ಮರೆತುಹೋಗುತ್ತಿತ್ತು ಎನ್ನುವುದೂ ತಪ್ಪು. ಮರೆಯುವುದಕ್ಕೆ ಅಲ್ಲಿ ನೆನಪೇ ಹುಟ್ಟಿರುತ್ತಿರಲಿಲ್ಲ.

ಆ ಖಾಲಿ ಜಾಗವನ್ನು ತುಂಬುತ್ತಿದ್ದವಳು ನಮ್ಮ ಅಮ್ಮ, ರಂಗನಾಯಕಮ್ಮ. ಅಣ್ಣ ಏಳುವ ಮೊದಲೇ ಎದ್ದು ಒಡೆದದ್ದನ್ನು ಗುಡಿಸಿ, ನೆಲ ಒರೆಸಿ, ಕಾಫಿ ಬೆರೆಸಿ ತಂದು ಅವನ ಮುಂದೆ ಕೂರುತ್ತಿದ್ದಳು. ಅವನು ತಲೆ ಹಿಡಿದುಕೊಂಡು, "ರಾತ್ರಿ ಏನಮ್ಮಾ ಮಾಡ್ದೆ ನಾನು?" ಎಂದು ಕೇಳುವುದು. ಅವಳು, "ಏನ್ ಮಾಡ್ತೀಯಪ್ಪಾ, ಬಂದೆ, ಕಾಲ್ ತೊಳ್ಕೊಂಡೆ, ಅನ್ನ ಸಾರು ಉಂಡೆ, ಹಪ್ಪಳ ಕೇಳ್ದೆ, ಮಲಗ್ದೆ," ಎನ್ನುವುದು. ಈ ಮಾತನ್ನು ಅವಳು ಮೊದಲು ನಮ್ಮ ಅಪ್ಪನಿಗೆಂದು ಮಾಡಿಟ್ಟುಕೊಂಡಿದ್ದಳು. ಅಪ್ಪ ಸತ್ತ ಮೇಲೆ ಅದು ಹಾಗೆಯೇ ಮಗನಿಗೆ ಬಂತು. ಒಂದು ಅಕ್ಷರ ಬದಲಾಗಲಿಲ್ಲ.

ಅತ್ತಿಗೆ ಇಂದುಮತಿ ಅಲ್ಲೇ ಒಲೆಯ ಮುಂದೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅವಳದು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಕುಂಬಾರಕೊಪ್ಪಲಿನ ಮದುವೆ ಹೆಣ್ಣುಗಳ ರವಿಕೆಯೆಲ್ಲ ಅವಳ ಕೈಯಿಂದಲೇ ಆಗಬೇಕು. ರಾತ್ರಿ ನಿದ್ದೆ ಬರುವುದಿಲ್ಲ ಎಂದಾಗ ಅಮ್ಮ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ 'ಇವಳಿಗೆ ನರದ ವೀಕ್ನೆಸ್ಸು' ಎಂದು ಹೇಳಿ ನಿದ್ದೆ ಮಾತ್ರೆ ಬರೆಸಿಕೊಟ್ಟಿದ್ದಳು. ನೋಡಿ ಹೇಗಿದೆ. ಕುಡಿಯುವವನು ಒಬ್ಬ, ಔಷಧಿ ಇನ್ನೊಬ್ಬಳಿಗೆ.

ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ಮಗಳು ಚಿನ್ಮಯಿಯನ್ನು ಕರೆದುಕೊಂಡು ಯಾದವಗಿರಿಯಲ್ಲಿರುವ ನನ್ನ ಬಾಡಿಗೆ ಮನೆಗೆ ಬಂದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು. ಮುಂಗೈ ಮೇಲೆ ಸುಟ್ಟ ಬೊಬ್ಬೆ.

"ಡಾಕ್ಟರಿಗೆ ಏನಂತ ಹೇಳಿದ್ರಿ ಅತ್ತಿಗೆ?"

"ಬಚ್ಚಲಲ್ಲಿ ಜಾರಿ ಬಿದ್ದೆ ಅಂತ. ಅತ್ತೆ ಪಕ್ಕದಲ್ಲೇ ನಿಂತಿದ್ರು ಕಣೇ."

"ಸುಟ್ಟಿದ್ದು?"

"ಅದನ್ನ ಡಾಕ್ಟರು ಕೇಳ್ಲೇ ಇಲ್ಲ."

ಅವಳು ದೂರು ಕೊಟ್ಟಳು. ಅಣ್ಣ ತಿರುಗಿ ಅರ್ಜಿ ಹಾಕಿದ. ಹೆಂಡತಿ ನಿದ್ದೆ ಮಾತ್ರೆ ಚಟದವಳು, ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಾಳೆ, ಮಗುವನ್ನು ನನ್ನ ಮನೆಗೆ ಕಳಿಸಿ ಎಂದು. ನ್ಯಾಯಾಲಯ ಇಬ್ಬರಿಗೂ ಟೋಪಿ ಹಾಕಿಸಿ ಎಂದಿತು. ಅತ್ತಿಗೆಯ ಅಂಕ ಎಪ್ಪತ್ತು ದಾಟದಿದ್ದರೆ ಚಿನ್ಮಯಿ ಆ ಮನೆಗೆ ವಾಪಸ್ಸು. ಏಳು ವರ್ಷದ ಹುಡುಗಿ, ಸ್ಕೂಟರಿನ ಸದ್ದು ಕೇಳಿದರೆ ನನ್ನ ಮನೆಯಲ್ಲೂ ಬೀರುವಿನ ಸಂದಿಗೆ ಓಡುತ್ತಿದ್ದಳು.

ನೆಂಟರ ಪರೀಕ್ಷೆಯನ್ನು ನಾನು ಮಾಡುವ ಹಾಗಿಲ್ಲ. ಸಹೋದ್ಯೋಗಿ ಸುಹೇಲ್ ಮಾಡಿದರು. ಹೆಂಗಸರ ಪರೀಕ್ಷೆಯಲ್ಲಿ ಜೊತೆಗೊಬ್ಬ ಹೆಂಗಸು ಕೂರಬಹುದು ಎಂಬ ನಿಯಮವಿದ್ದದ್ದರಿಂದ ನಾನು ಅತ್ತಿಗೆಯ ಪಕ್ಕ ಕೂತೆ.

"ಕೈಗೆ ಪೆಟ್ಟಾದ ಆ ಶನಿವಾರ ಸಂಜೆಯಿಂದ ಶುರು ಮಾಡಿ," ಎಂದರು ಸುಹೇಲ್.

ಅತ್ತಿಗೆ ಕಣ್ಣು ಮುಚ್ಚಿದಳು. ಎದೆಬಡಿತದ ಗೆರೆ ಜಿಗಿಯಿತು. ಪರದೆಯ ಮೇಲೆ ಬಂದದ್ದು ಹೀಗೆ: ಸಾಸಿವೆ ಸಿಡಿದ ಸದ್ದು. ಶೂ ಲೇಸು, ಒಂದು ಬಿಚ್ಚಿದೆ. ಬಳೆಯ ಒಳಗೆ ರವೆ. ಬಿಸಿ. ಮಗುಚುವ ಸೌಟು ನೆಲದ ಮೇಲೆ ತಿರುಗುತ್ತಿದೆ. ಮತ್ತೆ ಶೂ ಲೇಸು. ಯಾರದೋ ಕೂಗು, ಯಾರದೆಂದು ಗೊತ್ತಿಲ್ಲ. ಬಾಣಲೆ. ಕೈ ಮುರಿದ ಸದ್ದು, ಅದಾದ ಮೇಲೆ ಮತ್ತೆ ಸಾಸಿವೆ. ಮುಖ ಇಲ್ಲ. ಗಂಡನ ಮುಖ ಎಲ್ಲೂ ಇಲ್ಲ. ಅಂಕ ಮೂವತ್ತೊಂದು.

ವರದಿಯಲ್ಲಿ ಹೆಬ್ಬಾರ್ ಬರೆದರು: ಘಟನೆಗಳ ಕ್ರಮ ಅಸ್ತವ್ಯಸ್ತ. ಆರೋಪಿಯ ಮುಖ ಕಾಣಿಸಿಲ್ಲ. ರವೆ, ಶೂ ಲೇಸು ಮುಂತಾದ ಅಪ್ರಸ್ತುತ ವಿವರಗಳು. ನಿದ್ದೆ ಮಾತ್ರೆಯ ಬಳಕೆಯಿಂದ ಸ್ಮೃತಿ ದುರ್ಬಲವಾಗಿರುವ ಸಾಧ್ಯತೆ.

ನಾನು ಆ ಕಾಗದ ಹಿಡಿದುಕೊಂಡೇ ಅವರ ಕೋಣೆಗೆ ನುಗ್ಗಿದೆ.

"ಸಾರ್, ಹೊಡೆಸಿಕೊಳ್ಳೋವಾಗ ಮಿದುಳು ಸಿನಿಮಾ ನೋಡ್ತಾ ಕೂರಲ್ಲ. ಭಯ ಆದಾಗ ಅಡ್ರಿನಲಿನ್ನು, ಕಾರ್ಟಿಸಾಲು ಉಕ್ಕುತ್ತೆ. ಕಣ್ಣು ಯಾವುದರ ಮೇಲೆ ನೆಟ್ಟಿತ್ತೋ ಅದು ಬರೆ ಎಳೆದ ಹಾಗೆ ಉಳ್ಕೊಳುತ್ತೆ, ಅದರ ಸುತ್ತಲಿಂದು, ಮೊದಲ್ಯಾವುದು ಆಮೇಲ್ಯಾವುದು ಅನ್ನೋದು ಚೆಲ್ಲಾಪಿಲ್ಲಿ ಆಗುತ್ತೆ. ಇದು ನಿಮಗೆ ಗೊತ್ತು. ನೀವೇ ಪಾಠ ಮಾಡಿದ್ದೀರಿ ನಮಗೆ."

"ಗೊತ್ತು. ಆದರೆ ಸುಳ್ಳು ಹೇಳೋರ ನೆನಪೂ ಚೆಲ್ಲಾಪಿಲ್ಲಿಯಾಗೇ ಇರುತ್ತೆ. ಯಂತ್ರ ವ್ಯತ್ಯಾಸ ಮಾಡಲ್ಲ. ಅದಕ್ಕೆ ಕರುಣೆ ಇಲ್ಲ ವಾರಿಜಾ, ಅದೇ ಅದರ ಗುಣ."

"ಕರುಣೆ ಯಾರಿಗೆ ಬೇಕು ಸಾರ್? ಬುದ್ಧಿ ಇದ್ರೆ ಸಾಕು."

"ನಿಮಗೆ ಮನೆ ವಿಷಯ, ಅದಕ್ಕೆ ಹೀಗೆ ಮಾತಾಡ್ತಿದ್ದೀರಿ. ಹೋಗಿ ಕಾಫಿ ಕುಡೀರಿ," ಎಂದರು. ನನ್ನ ಮೈ ಉರಿದುಹೋಯಿತು. ಕಾಫಿ ಕುಡಿಯಲಿಲ್ಲ.

ಆ ವಾರದ ಕೊನೆಗೆ ಅಮ್ಮ ಕೋಡುಬಳೆ ಡಬ್ಬಿ ಹಿಡಿದು ನನ್ನ ಮನೆಗೆ ಬಂದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು, ಸೊಸೆಯ ಪ್ಲಾಸ್ಟರಿನ ಕಡೆ ನೋಡದೆ ಮಾತಾಡಿದಳು.

"ಬಂದ್ಬಿಡು ಇಂದು. ಅವನು ದಿನಾ ಅಳ್ತಾನೆ. ಅವನಿಗೆ ಏನೂ ನೆನಪೇ ಇಲ್ವಲ್ಲೇ. ನೆನಪೇ ಇಲ್ದೆ ಇರೋದಕ್ಕೆ ಯಾರಾದ್ರೂ ಶಿಕ್ಷೆ ಕೊಡ್ತಾರಾ?"

"ನಿನಗೆ ನೆನಪಿದೆಯಲ್ಲಮ್ಮ," ಎಂದೆ ನಾನು. "ನೀನು ಕುಡಿದಿರ್ಲಿಲ್ಲ. ಮಾತ್ರೆ ನುಂಗಿರ್ಲಿಲ್ಲ. ನಡುಮನೇಲೇ ಇದ್ದೆ. ಬಂದು ಹೇಳು."

"ನಾನೇನೂ ನೋಡ್ಲಿಲ್ಲ."

"ಬೆಳಿಗ್ಗೆ ಗುಡಿಸಿದ್ದು ಏನನ್ನ ಹಾಗಾದ್ರೆ?"

ಅಮ್ಮ ಚಿನ್ಮಯಿಯ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ನನಗೆ ಆ ಬೆರಳುಗಳನ್ನು ನೋಡಿದರೆ ರೇಗುತ್ತಿತ್ತು. ಅಷ್ಟು ಮೃದುವಾದ ಕೈ ಎಷ್ಟು ವರ್ಷಗಳಿಂದ ಎಷ್ಟನ್ನು ಒರೆಸಿ ಹಾಕಿದೆ. ಅತ್ತಿಗೆ ಮಾತ್ರ ಎದ್ದು, "ಹೊತ್ತಾಯ್ತು, ಊಟ ಮಾಡ್ಕೊಂಡು ಹೋಗಿ ಅತ್ತೆ, ಅನ್ನ ಆಗಿದೆ," ಎಂದಳು. ಮುರಿದ ಕೈಯಲ್ಲಿ ಬಡಿಸುವುದಕ್ಕೂ ತಯಾರು!

"ಅಯ್ಯೋ, ಇವತ್ತು ಶನಿವಾರ ಕಣೇ, ಈ ಮನೆಗೆ ಬಂದು ಮರೆತ್ಯಾ? ನಮ್ಮ ಒಕ್ಕಲಲ್ಲಿ ಶನಿವಾರ ರಾತ್ರಿ ಅನ್ನ ಉಂಟೇ? ಒಲೆ ಮೇಲೂ ಇಡೋ ಹಾಗಿಲ್ಲ. ತಿಮ್ಮಪ್ಪನ ಒಪ್ಪತ್ತು. ಒಂಚೂರು ಅವಲಕ್ಕಿ ಇದ್ರೆ ಕೊಡು," ಎಂದಳು ಅಮ್ಮ. ತಿಂದು, ಮೊಮ್ಮಗಳ ತಲೆ ಸವರಿ ಹೋದಳು.

ವಿಚಾರಣೆಯ ದಿನ ಸಣ್ಣ ಕೋಣೆ. ನ್ಯಾಯಾಧೀಶೆ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದರು. ಒಂದು ಕಡೆ ಅಣ್ಣ, ಅವನ ವಕೀಲರು, ಅಮ್ಮ. ಇನ್ನೊಂದು ಕಡೆ ಅತ್ತಿಗೆ, ಅವಳ ವಕೀಲರು, ನಾನು. ಅಣ್ಣ ಬಿಳಿ ಅಂಗಿ ತೊಟ್ಟು ನೀಟಾಗಿ ಬಂದಿದ್ದ. ನಿಜ ಹೇಳಬೇಕೆಂದರೆ ಅವನನ್ನು ನೋಡಿ ನನ್ನ ಕರುಳು ಒಂದು ಸಲ ಚುರುಕ್ಕೆಂದಿತು, ಅದಕ್ಕೂ ಸಿಟ್ಟು ಬಂತು.

ಹೆಬ್ಬಾರ್ ಅತ್ತಿಗೆಯ ವರದಿಯನ್ನು ಓದಿದರು. ಮೂವತ್ತೊಂದು ಎಂದಾಗ ಅಣ್ಣನ ವಕೀಲರು ತಲೆದೂಗಿದರು. ಆಮೇಲೆ ಅಣ್ಣನ ವರದಿಯ ಲಕೋಟೆ ಒಡೆದರು. ಖಾಲಿ ಇರುತ್ತದೆ ಎಂದು ನಾನು ಎಣಿಸಿದ್ದೆ. ಖಾಲಿಯಿರಲಿಲ್ಲ.

"ವಿಷಯ: ಅದೇ ಶನಿವಾರದ ರಾತ್ರಿ. ಮನೆಗೆ ಬಂದದ್ದು. ಕಾಲು ತೊಳೆದುಕೊಂಡದ್ದು, ನೀರು ತಣ್ಣಗಿದೆ. ಬಿಸಿ ಅನ್ನ, ಬೇಳೆ ಸಾರು, ಇಂಗಿನ ವಾಸನೆ. ಹಪ್ಪಳ ಕೇಳಿದ್ದು, ಮುರಿದ ಸದ್ದು. ಮಲಗಿದ್ದು. ಕ್ರಮ ಅಚ್ಚುಕಟ್ಟು, ಎದೆಬಡಿತ ಶಾಂತ. ಅಂಕ ಎಂಬತ್ತೊಂಬತ್ತು." ಹೆಬ್ಬಾರ್ ಕಾಗದ ಮಡಿಸಿದರು. "ನನ್ನ ಸೇವೆಯಲ್ಲಿ ಇಷ್ಟು ಸ್ಪಷ್ಟವಾದ ನೆನಪು ಅಪರೂಪ ಮೇಡಂ."

ಆ ಸಾಲು ನನಗೆ ಬಾಯಿಪಾಠವಿತ್ತು. ಬಂದೆ, ಕಾಲ್ ತೊಳ್ಕೊಂಡೆ, ಅನ್ನ ಸಾರು ಉಂಡೆ. ಅತ್ತಿಗೆಯ ಕಡೆ ತಿರುಗಿದೆ. ಅವಳು ನ್ಯಾಯಾಧೀಶರನ್ನು ನೋಡುತ್ತಿರಲಿಲ್ಲ, ಗಂಡನನ್ನೂ ನೋಡುತ್ತಿರಲಿಲ್ಲ. ಅಮ್ಮನನ್ನು ನೋಡುತ್ತ ಎದ್ದು ನಿಂತಿದ್ದಳು.

"ಅತ್ತೆ," ಎಂದಳು. "ಶನಿವಾರ ರಾತ್ರಿ ಅನ್ನ ಮಾಡಿದ್ರಾ?"

ಕೋಣೆಯಲ್ಲಿದ್ದ ಹೊರಗಿನವರಿಗೆ ಅರ್ಥವಾಗಲಿಲ್ಲ. ಅಣ್ಣನ ವಕೀಲರು ಏನೋ ಆಕ್ಷೇಪ ಎತ್ತಲು ಹೋದರು. ನ್ಯಾಯಾಧೀಶೆ ಕೈ ಎತ್ತಿ ತಡೆದು, "ಏನಮ್ಮ ಅದು ಪ್ರಶ್ನೆ?" ಎಂದರು.

"ಇವರ ಮನೇಲಿ ಶನಿವಾರ ರಾತ್ರಿ ಅನ್ನ ಮಾಡಲ್ಲ ಮೇಡಂ, ತಿಮ್ಮಪ್ಪನ ಒಪ್ಪತ್ತು. ನಾನು ಉಪ್ಪಿಟ್ಟು ಮಾಡ್ತಿದ್ದೆ. ನನ್ನ ಬಳೆಯೊಳಗೆ ರವೆ ಇತ್ತು. ಅದನ್ನ ಅವರು ಅಪ್ರಸ್ತುತ ಅಂತ ಬರೆದಿದ್ದಾರೆ. ಅತ್ತೇನ ಕೇಳಿ. ಅವತ್ತು ಅನ್ನ ಇತ್ತಾ ಅಂತ ಅಷ್ಟೇ ಕೇಳಿ."

ಅಮ್ಮ ಮಗನನ್ನು ನೋಡಿದಳು. ಇತ್ತು ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಬಾಯಿ ತೆರೆದಳು ಕೂಡ. ಅವಳ ಕೈ ತಾನಾಗಿ ಕೊರಳಿನ ತುಳಸಿ ಮಣಿಗೆ ಹೋಯಿತು.

"ಶನಿವಾರ ನಮ್ಮನೇಲಿ ಅನ್ನ ಮಾಡಲ್ಲ ತಾಯಿ. ನಮ್ಮತ್ತೆ ಕಾಲದಿಂದ ಮಾಡಿಲ್ಲ," ಎಂದಳು.

"ಮತ್ತೆ ನಿಮ್ಮ ಮಗ ಏನು ಊಟ ಮಾಡಿದರು?"

"ಏನೂ ಉಣ್ಲಿಲ್ಲ." ಧ್ವನಿ ಕೆಳಗಿಳಿಯಿತು. "ಬಾಣಲೆ ನೆಲದ ಮೇಲೆ ಬಿದ್ದಿತ್ತು. ಉಪ್ಪಿಟ್ಟೆಲ್ಲಾ ಚೆಲ್ಲಿತ್ತು. ಇಂದು ಅಲ್ಲೇ ಕೂತಿದ್ಲು, ಕೈ ಹಿಡ್ಕೊಂಡು. ಅವನು ಶೂ ಹಾಕ್ಕೊಂಡೇ ಮಲಗಿದ್ದ."

ಗೆದ್ದೆವು ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೈಯೆಲ್ಲ ಬೆಂಕಿಯಾಯಿತು. ಸೊಸೆಯ ಕೈ ಮುರಿದದ್ದನ್ನು ಮುಚ್ಚಿಡುವುದಕ್ಕೆ ಈ ಹೆಂಗಸಿಗೆ ಯಾವ ದೇವರೂ ಅಡ್ಡ ಬಂದಿರಲಿಲ್ಲ. ಬಚ್ಚಲಲ್ಲಿ ಬಿದ್ದಳು ಎಂದು ಡಾಕ್ಟರ ಮುಂದೆ ಹೇಳಿಸುವಾಗ ತುಳಸಿ ಮಣಿ ಕೊರಳಲ್ಲೇ ಇತ್ತು. ಅನ್ನದ ವಿಷಯ ಬಂದಾಗ ಮಾತ್ರ ಸುಳ್ಳಾಡಲು ಅವಳಿಗೆ ಆಗಲಿಲ್ಲ.

ಹೆಬ್ಬಾರ್ ಬೆವರುತ್ತಿದ್ದರು. "ಬೇರೆ ದಿನದ ಊಟ ಸೇರಿಕೊಂಡಿರಬಹುದು. ಆದರೆ ಎಂಬತ್ತೊಂಬತ್ತು ಅಂಕ..."

"ನಡೆಯದೇ ಇರೋದಕ್ಕೆ ಎಂಬತ್ತೊಂಬತ್ತು ಅಂಕ ಹೇಗೆ ಬರುತ್ತೆ?" ಎಂದು ನ್ಯಾಯಾಧೀಶೆ ಕೇಳಿದರು. ಅದಕ್ಕೆ ಉತ್ತರ ನನ್ನ ಹತ್ತಿರವಿತ್ತು. ಎದ್ದು, ನಾನು ಯಾರು, ಎಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಿ, ಅಪ್ಪಣೆ ಕೇಳಿದೆ.

"ಮೇಡಂ, ಮಿದುಳಿಗೆ ಖಾಲಿ ಜಾಗ ಕಂಡ್ರೆ ಆಗಲ್ಲ. ಹೆಂಡ ಅಲ್ಲಿ ಏನನ್ನೂ ಬರೆಯೋಕೆ ಬಿಟ್ಟಿರಲ್ಲ. ಬೆಳಿಗ್ಗೆ ಯಾರಾದ್ರೂ ಪ್ರೀತಿಯಿಂದ, ಕಾಫಿ ಕೊಟ್ಟು, ಹೀಗಾಯ್ತು ಅಂತ ಹೇಳಿದ್ರೆ ಆ ಮಾತೇ ಅಲ್ಲಿ ಹೋಗಿ ಕೂರುತ್ತೆ. ನೆನೆಸ್ಕೊಂಡಾಗೆಲ್ಲ ಹೊಸದಾಗಿ ಅಚ್ಚಾಗುತ್ತೆ. ರುಚಿ ಬರುತ್ತೆ, ವಾಸನೆ ಬರುತ್ತೆ. ಹೇಳಿಕೊಟ್ಟ ಕತೆ ಆದ್ದರಿಂದ ಅದು ಸಾಲಾಗಿರುತ್ತೆ. ಅದರಲ್ಲಿ ಭಯ ಇಲ್ಲ, ಅದಕ್ಕೆ ಎದೆ ಬಡ್ಕೊಳಲ್ಲ. ನಮ್ಮ ಟೋಪಿ ಅಳೆಯೋದು ಈ ಎರಡನ್ನೇ. ಹೊಡೆಸಿಕೊಂಡವಳ ನಿಜಕ್ಕೆ ಮೂವತ್ತೊಂದು ಕೊಟ್ಟಿದೆ. ನಮ್ಮಮ್ಮನ ಸುಳ್ಳಿಗೆ ಎಂಬತ್ತೊಂಬತ್ತು. ನಮ್ಮ ಕೇಂದ್ರದ ಕುರ್ಚಿಯಲ್ಲಿ ಇದುವರೆಗೆ ಎಷ್ಟು ಹೆಂಗಸರು ಮೂವತ್ತೊಂದು ತಗೊಂಡು ಮನೆಗೆ ವಾಪಸ್ ಹೋಗಿದ್ದಾರೋ ಅವರನ್ನ ಕೇಳಿ."

"ಕೂತ್ಕೊಳ್ಳಿ," ಎಂದರು ನ್ಯಾಯಾಧೀಶೆ. ಗದರಿಕೆಯಿರಲಿಲ್ಲ.

ಅಣ್ಣ ಅಳುತ್ತಿದ್ದ. "ಅಮ್ಮಾ, ಯಾಕೆ ಹೀಗೆ ಹೇಳ್ತೀಯ? ನಾನು ಉಂಡೆ. ನನಗೆ ಗೊತ್ತು. ಹಪ್ಪಳ ಮುರಿದಿದ್ದು ಈಗಲೂ ಕಿವೀಲಿದೆ," ಎಂದು ಮತ್ತೆ ಮತ್ತೆ ಅಂದ. ಅವನು ಸುಳ್ಳಾಡುತ್ತಿರಲಿಲ್ಲ, ಪಾಪ. ಪಾಪ ಎಂದು ಬರೆದುಬಿಟ್ಟೆ. ಇರಲಿ, ನಾನೂ ಆ ಮನೆಯಲ್ಲೇ ಬೆಳೆದವಳು.

ಚಿನ್ಮಯಿ ತಾಯಿಯ ಜೊತೆಗೇ ಇರಬೇಕು, ಅಣ್ಣ ಅವರಿರುವ ಕಡೆ ಸುಳಿಯಬಾರದು ಎಂದು ಆದೇಶವಾಯಿತು. ಟೋಪಿಯ ಅಂಕದ ಲೆಕ್ಕವನ್ನು ಪರಿಶೀಲಿಸಲು ಒಂದು ಸಮಿತಿಯೂ ಆಯಿತು. ಅದರ ಅಧ್ಯಕ್ಷರು ಯಾರೆಂದು ಕೇಳಬೇಡಿ, ಹೆಬ್ಬಾರ್ ಅವರೇ.

ಅವರು ಒಂದು ದಿನ ನನ್ನ ಮೇಜಿನ ಮೇಲೆ ಒಂದು ಚಿಕ್ಕ ಡಬ್ಬಿ ಇಟ್ಟರು. ಪಶ್ಚಾತ್ತಾಪವೋ ಏನೋ. ಕೇಂದ್ರದ ಹೊಸ ಮಾತ್ರೆ ಅದು. ಒಂದು ನೆನಪನ್ನು ಮನಸ್ಸಿಗೆ ತಂದುಕೊಂಡು ನುಂಗಿದರೆ ಮಿದುಳಿಗೆ ಆ ನೆನಪನ್ನು ಮತ್ತೆ ಅಚ್ಚು ಮಾಡಲು ಬಿಡುವುದಿಲ್ಲ. ನೆನಪು ಕರಗಿಹೋಗುತ್ತದೆ. "ನಿಮ್ಮ ಅತ್ತಿಗೆಗೆ ಕೊಡಿ. ಕೇಸು ಮುಗೀತಲ್ಲ. ಇನ್ನಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ," ಎಂದರು.

ಅತ್ತಿಗೆ ಪ್ಲಾಸ್ಟರು ಬಿಚ್ಚಿಸಿಕೊಂಡು ನನ್ನ ಮನೆಯ ವರಾಂಡದಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು. ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ, ಬಟ್ಟೆಯನ್ನು ಎಡಗೈಯಿಂದ ತಳ್ಳುತ್ತಿದ್ದಳು. ಡಬ್ಬಿಯನ್ನು ಕೊಟ್ಟು ವಿಷಯ ಹೇಳಿದೆ. ಬಾಣಲೆ, ಶೂ ಲೇಸು, ಸಾಸಿವೆ ಎಲ್ಲ ಹೋಗುತ್ತದಂತೆ ಎಂದೆ.

ಅವಳು ಹೊಲಿಗೆ ನಿಲ್ಲಿಸಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಅವತ್ತು ಆ ಮನೇಲಿ ನಾಲ್ಕು ಜನ ಇದ್ವಿ ವಾರಿಜಾ. ಅವರಿಗೆ ನೆನಪೇ ಆಗ್ಲಿಲ್ಲ. ಅತ್ತೆ ಒರೆಸಿ ಹಾಕಿದ್ರು. ಮಗು ನಿದ್ದೇಲಿತ್ತು. ಇನ್ನು ನಾನೂ ಇದನ್ನ ನುಂಗ್ಬಿಟ್ರೆ ಅಲ್ಲೇನೂ ನಡೆದೇ ಇಲ್ಲ ಅಂತಾಗುತ್ತೆ ನೋಡು." ಮಾತ್ರೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ನಿಮ್ಮಣ್ಣಂಗೆ ಕೊಡು. ಆ ಅನ್ನ ಸಾರು ಮರೆತುಹೋಗ್ಲಿ ಅವರಿಗೆ."

ಮಾರನೆಯ ದಿನ ಕುಂಬಾರಕೊಪ್ಪಲಿಗೆ ಹೋದೆ. ಅಣ್ಣ ಜಗುಲಿಯ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ. ಕುಡಿಯುವುದನ್ನು ಬಿಟ್ಟಿದ್ದೇನೆ ಎಂದ. ಒಳ್ಳೆಯದು ಎಂದೆ. ಡಬ್ಬಿ ತೆಗೆದು ಮುಂದಿಟ್ಟು ಹೇಳಿದೆ:

"ಆ ಶನಿವಾರದ ಊಟ ನೆನೆಸ್ಕೊಂಡು ಇದನ್ನ ನುಂಗು. ಅದು ಹೋಗುತ್ತೆ."

"ಆಮೇಲೆ ಅಲ್ಲಿ ಏನಿರುತ್ತೆ?"

"ಏನೂ ಇರಲ್ಲ. ಆಗ ಅತ್ತಿಗೆ ಹೇಳಿದ್ದನ್ನ ನಂಬ್ಬೇಕಾಗುತ್ತೆ ನೀನು."

ಅವನು ಕೆಂಪು ಪೆನ್ನಿನ ಮುಚ್ಚಳ ತಿರುಗಿಸಿ ಹಾಕಿದ. ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಆಮೇಲೆ ಡಬ್ಬಿಯನ್ನು ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿದ.

"ಬೇಡ ಕಣೇ. ಅದು ಇರ್ಲಿ," ಎಂದ.

ನಾನು ಡಬ್ಬಿಯನ್ನು ಅಲ್ಲಿಯೇ, ಉತ್ತರ ಪತ್ರಿಕೆಗಳ ಮೇಲೆ ಬಿಟ್ಟು ಎದ್ದೆ. ಇಷ್ಟು ದಿನ ಅವನಿಗೆ ನೆನಪಿರಲಿಲ್ಲ, ಅದು ಹೆಂಡದ ಕೆಲಸ. ಇನ್ನು ಮುಂದಿನದು ಅವನದೇ.